ನಮ್ಮ ಗೂಡುದೀಪ ಇಳಿಸಿದಿರಿ, ಗುಡ್ಡದ ಟವರಿನ ಕೆಂಪು ದೀಪ ಹತ್ತುವುದು ಯಾವಾಗ?

ವಿಮಾನ ಇಳಿಯುವ ದಾರಿಯ ಅಡೆತಡೆಗಳನ್ನು ತೆರವು ಮಾಡಿಸುವ ಅಧಿಕಾರಿಗಳಿಗೆ,

ಮಾನ್ಯರೇ, ಚೆಂಬೂರಿನ ನಮ್ಮ ಹಳೆಯ ಬಿಲ್ಡಿಂಗಿನ ಟೆರೇಸಿನಿಂದ ಒಂದು ಬಿದಿರು ಕೋಲನ್ನೂ ಅದರ ತುದಿಗೆ ಕಟ್ಟಿದ್ದ ಕಾಗದದ ಗೂಡುದೀಪವನ್ನೂ ಕಳೆದ ದೀಪಾವಳಿಗೆ ನಿಮ್ಮ ಸಿಬ್ಬಂದಿ ಇಳಿಸಿ, ದೇಶದ ವಿಮಾನಗಳನ್ನು ದೊಡ್ಡ ಗಂಡಾಂತರದಿಂದ ಪಾರುಮಾಡಿದರು. ಅಭಿನಂದನೆಗಳು. ನಮ್ಮ ಹಿಂದಿನ ಗುಡ್ಡದ ಮೇಲೆ ಮುಗಿಲು ಮುಟ್ಟುವಂತೆ ನಿಂತ ಹೊಸ ವಸತಿ ಟವರಿನ ನೆತ್ತಿಯಲ್ಲಿ ವಿಮಾನಗಳ ಎಚ್ಚರಿಕೆಗೆಂದು ಉರಿಯಬೇಕಾದ ಕೆಂಪು ದೀಪ ಮಾತ್ರ ತಿಂಗಳುಗಳಿಂದ ಆರಿದೆ. ಅದು ನಿಮ್ಮ ಕಣ್ಣಿಗೆ ಬಿದ್ದಿಲ್ಲ.

ಇಂಗ್ಲಿಷಿನಲ್ಲಿ ಬರೆದೆ, ಹಿಂದಿಯಲ್ಲಿ ಬರೆದೆ, ಉತ್ತರ ಬರಲಿಲ್ಲ. ನೀವೂ ಕರಾವಳಿಯವರೇ ಎಂದು ನಿಮ್ಮ ಕ್ಯಾಂಟೀನಿನವರು ಹೇಳಿದ್ದರಿಂದ ಈಗ ಕನ್ನಡದಲ್ಲಿ, ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಹಾಗಿದ್ದರೆ ಗೂಡುದೀಪ ಯಾಕೆ ಕಟ್ಟುತ್ತಾರೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ತೀರಿಹೋದ ಹಿರಿಯರು ಹಬ್ಬಕ್ಕೆ ಮನೆ ಹುಡುಕಿಕೊಂಡು ಬರುವಾಗ ದಾರಿ ಕಾಣಲಿ ಎಂದು ನಮ್ಮ ತಾಯಿ ಕಟ್ಟುತ್ತಿದ್ದರು, ನಾವೂ ಕಟ್ಟುತ್ತೇವೆ. ಇಲ್ಲಿನವರು ಅದನ್ನೇ ಕಂದೀಲು ಎನ್ನುತ್ತಾರೆ.

ನಿಮ್ಮವರು ಬಂದಾಗ ನನ್ನ ಹೆಂಡತಿ ಸೇವಂತಿ ಟೆರೇಸಿನಲ್ಲಿದ್ದಳು.

"ಯೇ ಟವರ್ ಕಿಸ್‌ಕಾ ಹೈ?" ಎಂದು ಕೇಳಿದರಂತೆ.

"ಟವರ್ ನಹೀ ಭಾಯಿಸಾಬ್, ಕಂದೀಲ್ ಹೈ. ಟವರ್ ಉದರ್ ಹೈ," ಎಂದು ಇವಳು ಗುಡ್ಡದ ಕಡೆ ಕೈ ತೋರಿಸಿದಳು.

ಅದಕ್ಕೆ ಪರ್ಮಿಶನ್ ಇದೆ ಎಂದರು. ನಮ್ಮ ಬಿದಿರನ್ನು 'ಅನಧಿಕೃತ ಸ್ತಂಭ' ಎಂದು ಬರೆದುಕೊಂಡು ಹೊತ್ತೊಯ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಗಾದೆಯಲ್ಲಿ ಕೇಳಿದ್ದೆ, ಟೆರೇಸಿನಲ್ಲಿ ಕಂಡದ್ದು ಆವತ್ತೇ. ಪರ್ಮಿಶನ್ ಇರುವ ಟವರಿಗೆ ತಗುಲಿದರೆ ವಿಮಾನಕ್ಕೆ ಪೆಟ್ಟಾಗುವುದಿಲ್ಲವೇ, ಮಾನ್ಯರೇ?

ದೀಪ ಯಾಕೆ ಆರಿದೆ ಎಂಬುದೇನೂ ಗುಟ್ಟಲ್ಲ. ಆ ಟವರಿನ ಲಿಫ್ಟ್‌ಮನ್ ಧನರಾಜ್ ನನ್ನ ಹೋಟೆಲಿಗೆ ಚಹಾಕ್ಕೆ ಬರುತ್ತಾನೆ. "ಚೆನ್ನಯಣ್ಣ, ಟಾಪ್ ಫ್ಲೋರಿನ ಸಾಹೇಬ್ರಿಗೆ ಅದು ಮಿಣಮಿಣ ಅಂದ್ರೆ ನಿದ್ರೆ ಬರೂದಿಲ್ವಂತೆ. ಸ್ವಿಚ್ ಬಂದ್ ಮಾಡ್ಸಿದ್ದಾರೆ," ಎಂದ. ವಿಮಾನದೊಳಗೆ ಕೂತ ನೂರಾರು ಜನರಿಗಿಂತ ಒಬ್ಬರ ನಿದ್ರೆ ದೊಡ್ಡದು. ಇರಲಿ, ದೊಡ್ಡವರ ನಿದ್ರೆ.

ಈಗ ನನ್ನ ಸಂಕಟದ ಕಾರಣ ಹೇಳುತ್ತೇನೆ. ನನ್ನ ಮಗಳು ಜ್ಯೋತ್ಸ್ನಾ ವಿಮಾನದ ಪರಿಚಾರಕಿ. ಮುಖ್ಯ ರನ್‌ವೇ ದುರಸ್ತಿಗೆ ಮುಚ್ಚಿದಾಗ ವಿಮಾನಗಳು ನಮ್ಮ ತಲೆಯ ಮೇಲಿಂದ ಇಳಿಯುತ್ತವೆ. ಆಗ ಅವಳ ವಿಮಾನ ನೋಡಲು ನಾವಿಬ್ಬರೂ ಟೆರೇಸಿಗೆ ಹತ್ತುತ್ತೇವೆ. ನಿಮ್ಮವರು ಗೂಡುದೀಪ ಇಳಿಸಿದ ವಾರವೇ, ಹೊಗೆಮಂಜು ಕವಿದ ಒಂದು ಮುಸ್ಸಂಜೆ, ಗುಡ್ಡದ ಕಡೆಯಿಂದ ಇಳಿದು ಬರುತ್ತಿದ್ದ ವಿಮಾನ ಇದ್ದಕ್ಕಿದ್ದಂತೆ ಗುಡುಗಿ ಮತ್ತೆ ಮೇಲೇರಿತು. "ಪೈಲಟ್ ಏನೋ ಮರೆತು ಬಂದಿರಬೇಕು," ಎಂದು ನಾನು ನಗೆಯಾಡಿದೆ.

ಅದೇ ವಿಮಾನದಲ್ಲಿದ್ದ ಮಗಳು ಮನೆಗೆ ಬಂದವಳೇ ಹೇಳಿದಳು: "ಪಪ್ಪಾ, ನಾನು ಕಾಕ್‌ಪಿಟ್ ಡೋರ್ ಹತ್ರಾನೇ ಬೆಲ್ಟ್ ಹಾಕ್ಕೊಂಡು ಕೂತಿದ್ದೆ. ಒಳಗೆ ಮಷೀನ್ 'ಪುಲ್ ಅಪ್, ಪುಲ್ ಅಪ್' ಅಂತ ಕೂಗ್ತಾ ಇತ್ತು. ಆ ಟವರ್ ದಿಖಾ ಹೀ ನಹೀ, ಕಾಣ್ಲೇ ಇಲ್ಲ, ಅಂತ ಕ್ಯಾಪ್ಟನ್ ಆಮೇಲೆ ಹೇಳಿದ್ರು."

ನೆಲವೋ ಕಟ್ಟಡವೋ ತೀರಾ ಹತ್ತಿರ ಬಂದರೆ ಆ ಯಂತ್ರ ಮೇಲೇರು ಎಂದು ಕೂಗುತ್ತದಂತೆ. ಅರ್ಜಿ ಕೇಳುವುದಿಲ್ಲ, ನಾಳೆ ಬನ್ನಿ ಎನ್ನುವುದಿಲ್ಲ. ಅಂಥದ್ದೊಂದನ್ನು ನಿಮ್ಮ ಕಚೇರಿಯಲ್ಲೂ ಕೂರಿಸಬಾರದೇ? ನಾನು ಅಲ್ಲಿಗೆ ಓಡಿದಾಗ ನಿಮ್ಮ ಗುಮಾಸ್ತರು ಕಂಪ್ಯೂಟರ್ ನೋಡಿ, "ಅಂಕಲ್, ರೆಕಾರ್ಡ್ ಮೇ ಲೈಟ್ ಚಾಲೂ ಹೈ," ಎಂದರು. ಆ ರೆಕಾರ್ಡನ್ನೇ ಟವರಿನ ತುದಿಗೆ ನೇತುಹಾಕಿ ಎಂದು ಹೇಳಬೇಕೆನಿಸಿತು. ಅರ್ಜಿ ಕೊಟ್ಟು ಎದ್ದು ಬಂದೆ.

ಮುಖ್ಯ ರನ್‌ವೇ ಮತ್ತೆ ಮುಚ್ಚುತ್ತದೆ ಎನ್ನುತ್ತಿದ್ದಾರೆ. ಅಷ್ಟರೊಳಗೆ ನೀವೇ ಆ ಟವರನ್ನು ಹತ್ತಿ ದೀಪ ಹತ್ತಿಸಬೇಕು, ಆ ಸ್ವಿಚ್ಚು ಯಾರ ನಿದ್ರೆಯ ಕೈಗೂ ಸಿಗದಂತೆ ಬೀಗ ಹಾಕಿಸಬೇಕು. ನಮ್ಮ ಬಿದಿರು ನಿಮ್ಮಲ್ಲೇ ಇರಲಿ. ಗೂಡುದೀಪದ ಬೆಳಕಿನಲ್ಲಿ ಮನೆಗೆ ಬರುವವರು ಸತ್ತವರು, ಮಾನ್ಯರೇ. ನನ್ನ ಮಗಳು ನಿಮ್ಮ ಕೆಂಪು ದೀಪ ನೋಡಿಕೊಂಡು ಬರಬೇಕು.

ಇಂತಿ,
ಅನಧಿಕೃತ ಸ್ತಂಭದ ಮಾಜಿ ಮಾಲೀಕ, ಈಗಲೂ ಟೆರೇಸಿನಲ್ಲೇ ನಿಂತಿರುವ
ಚೆನ್ನಯ, ಚೆಂಬೂರು