ಜಾರಿದ ತಂತಿ

ರೀ,

ನಿಮ್ಮನ್ನು ಎಬ್ಬಿಸದೆ ಹೊರಟಿದ್ದೇನೆ. ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಮಲಗಿದ್ದೀರಿ. ಉಪ್ಪಿಟ್ಟು ಬಾಣಲೆಯಲ್ಲಿದೆ. ಹಾಲು ಕಾಯಿಸಿ, ಈ ಸಲವಾದರೂ ಸೀಮೆಎಣ್ಣೆ ಸ್ಟವ್ ಹತ್ತಿರವೇ ನಿಂತಿರಿ.

ನನ್ನ ಎದೆಯೊಳಗಿನ ಪೇಸ್‌ಮೇಕರಿನ ತಂತಿ ಜಾರಿದೆ, ಮತ್ತೆ ಕೊಯ್ದು ಕೂರಿಸಬೇಕು ಎಂದು ಡಾಕ್ಟರು ಹೇಳಿ ತಿಂಗಳಾಯಿತು. ನೀವು ಎಷ್ಟು ಹೇಳಿದರೂ, ಒಂದು ಸಲ ಕೊಯ್ಸಿಕೊಂಡಿದ್ದೇ ಸಾಕು ಎಂದು ನಾನು ಹಟ ಹಿಡಿದೆ. ನಿಮಗೆ ಹೇಳಿರಲಿಲ್ಲ, ನಿನ್ನೆ ರಂಗೋಲಿ ಹಾಕುವಾಗ ಕಣ್ಣು ಕತ್ತಲೆ ಬಂದು ಅಲ್ಲೇ ಬಿದ್ದೆ. ಎದುರುಮನೆ ಸೀತಮ್ಮ ಎತ್ತಿ ಕೂರಿಸಿ, "ಬದುಕೋ ಆಸೆ ಇದೆಯೋ ಇಲ್ವೋ, ಅದನ್ನ ಹೇಳಿ ಮೊದ್ಲು" ಎಂದು ಗದರಿದರು.

"ಇದೆ ಕಣ್ರೀ" ಎಂದುಬಿಟ್ಟೆ, ಯೋಚನೆಯೇ ಮಾಡದೆ. ಆಮೇಲೆ ನನಗೇ ನಗು ಬಂತು.

ಅವರ ಜೊತೆಗೇ ನವರಂಗ್ ಟಾಕೀಸ್ ಹತ್ತಿರ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗುತ್ತಿದ್ದೇನೆ, ಆಪರೇಷನ್ನಿಗೆ ಒಪ್ಪಿಗೆ ಹೇಳಲು. ನೀವೇ ಗೆದ್ದಿರಿ ಎಂದು ಮುಖ ನೋಡಿ ಹೇಳಲಾರೆ, ಅದಕ್ಕೇ ಈ ಚೀಟಿ.

ನಿಮ್ಮ ಸಹಿಯೂ ಬೇಕಂತೆ. ಮೂರು ಗಂಟೆಗೆ ಬನ್ನಿ. ಅಳುವುದಿದ್ದರೆ ಮನೆಯಲ್ಲೇ ಅತ್ತು, ಮುಖ ತೊಳೆದುಕೊಂಡು ಬನ್ನಿ.

ಜಲಜಾ