ಎರಡನೇ ಸಾಲಿನ ಖಾಲಿ ಜಾಗ

ಆಗಸ್ಟ್ 2, ಭಾನುವಾರ

ಇವತ್ತೂ ಪ್ರಾಕ್ಟೀಸ್ ಹಾಳು. ನನ್ನ ಗ್ಯಾರೇಜಿನ ಹಿಂದೆ ಬ್ಯಾಂಡಿನವರನ್ನೆಲ್ಲ ಸಾಲಾಗಿ ನಡೆಸುತ್ತಿದ್ದೆ. ಡ್ರಮ್ಮಿನ ರಂಗನಾಥ ಮತ್ತೆ ಎರಡನೇ ಸಾಲಿನ ಖಾಲಿ ಜಾಗಕ್ಕೆ ಜಾರಿದ. ಗದರಿದೆ.

"ಜಾಗ ಖಾಲಿ ಇದ್ಯಲ್ಲ ಉಬೈದಣ್ಣ, ನಿಂತ್ರೆ ಏನ್ ಹೋಗ್ತದೆ?"

ಏನ್ ಹೋಗುತ್ತದೆ! ಬ್ಯಾಂಡ್ ಹುಟ್ಟಿದಾಗಿನಿಂದ ಯಾರೂ ನಿಲ್ಲದ ಜಾಗ ಅದು. ನನ್ನ ಅಪ್ಪನ ಅಪ್ಪ, ದಾದಾ ಗುಲಾಮ್ ಮುಸ್ತಫಾ, ಸೈನ್ಯದ ಪಲ್ಟನ್ ಬ್ಯಾಂಡಿನಿಂದ ಬಿಡುಗಡೆಯಾಗಿ ಬಂದು ಮೂಡಿಗೆರೆಯಲ್ಲಿ ಇದನ್ನು ಕಟ್ಟಿದಾಗಲೇ ಹೇಳಿದ್ದರಂತೆ — ಅದು ಮಲ್ಲಿಕಾರ್ಜುನನ ಜಾಗ, ಯಾರೂ ನಿಲ್ಲಬೇಡಿ. ಪಲ್ಟನ್ನಿನಲ್ಲಿ ಜೊತೆಗೆ ಕಾರ್ನೆಟ್ ತುತ್ತೂರಿ ಊದುತ್ತಿದ್ದ ಗೆಳೆಯ. ಬ್ಯಾಂಡ್ ಹುಟ್ಟುವ ಮೊದಲೇ ಯುದ್ಧದಲ್ಲಿ ಸತ್ತ. ಊರಿಗೆಲ್ಲ ಗೊತ್ತು. ಆಗಸ್ಟ್ ಹದಿನೈದಕ್ಕೆ ಬರುವ ಸಾಹೇಬರೆಲ್ಲ ಮೊದಲು ಧ್ವಜಕ್ಕೆ, ಆಮೇಲೆ ಆ ಖಾಲಿ ಜಾಗಕ್ಕೆ ಸೆಲ್ಯೂಟ್ ಹೊಡೆಯುತ್ತಾರೆ.

ಆಗಸ್ಟ್ 5, ಬುಧವಾರ

ಆಗಸ್ಟ್ ಹದಿನೈದರ ಸಮಿತಿಯ ಕಲ್ಲೇಶ್ ಗ್ಯಾರೇಜಿಗೆ ಬಂದ. ಬೈಕ್ ರಿಪೇರಿಗಲ್ಲ, ತಲೆ ತಿನ್ನಲು. ಬ್ಯಾಂಡಿಗೆ ಎಪ್ಪತ್ತೈದು ವರ್ಷವಾಯಿತಲ್ಲ — ಮೈದಾನದಲ್ಲಿ ಹುತಾತ್ಮನ ಹೆಸರಿನ ಕಲ್ಲು ನಿಲ್ಲಿಸುತ್ತಾರಂತೆ. ಬ್ಯಾಂಡಿನ ಚರಿತ್ರೆ ನಾನು ಹೇಳಬೇಕಂತೆ.

"ಕಣ್ಣಲ್ಲಿ ನೀರು ಬರೋ ಹಂಗೆ ಹೇಳು ಮಾರಾಯ. ಇಲ್ದಿದ್ರೆ ಮೆರವಣಿಗೆಗೆ ಡಿಜೆನೇ ಬೇಕು ಅಂತ ಹುಡುಗ್ರು ಕೂತಿದಾರೆ."

ಡಿಜೆ! ಧ್ವಜದ ಮುಂದೆ ಡಿಜೆ! ಮದುವೆಗಳನ್ನು ನುಂಗಿದ್ದು ಸಾಲದೆ? ನಮಗೆ ಉಳಿದಿರುವುದು ಈ ಒಂದು ದಿನ. ಇದೂ ಹೋದರೆ ಡ್ರಮ್ಮಿನಲ್ಲಿ ಅಕ್ಕಿ ತುಂಬಿಸಿಡಬೇಕು. ಒಪ್ಪಿಕೊಂಡೆ.

ಆಗಸ್ಟ್ 9, ಭಾನುವಾರ

ಹುತಾತ್ಮನ ಫೋಟೊ ಬೇಕಂತೆ. ಊರು ಮಲ್ಲಂದೂರು ಅಂತಷ್ಟೇ ಗೊತ್ತು. ಕೇಳಿಕೊಂಡು ಹೋದೆ. ತೋಟದ ಮನೆ. ಬಾಗಿಲು ತೆಗೆದವರು ಹುತಾತ್ಮನ ಮಗಳು ವಿಮಲಮ್ಮ. ಎಪ್ಪತ್ತರ ಆಸುಪಾಸು. ಎಪ್ಪತ್ತೈದು ವರ್ಷಕ್ಕೂ ಹಿಂದೆ ಯುದ್ಧದಲ್ಲಿ ಸತ್ತವರಿಗೆ ಈ ವಯಸ್ಸಿನ ಮಗಳು ಹೇಗೆ ಅಂತ ಆಗಲೇ ಹೊಳೆಯಬೇಕಿತ್ತು ನನ್ನ ಮಂಡೆಗೆ.

"ಯಾವ ಯುದ್ಧನಪ್ಪ? ನಮ್ಮಪ್ಪ ಹೋಗಿದ್ದು ಇದೇ ಜಗಲಿ ಮೇಲೆ. ನನ್ ಮಗಳ ಮದ್ವೆ ಎಲ್ಲ ನೋಡ್ಕೊಂಡೇ ಹೋದ್ರು."

ಯಾ ಅಲ್ಲಾ.

ದಾದಾ, ಮಲ್ಲಿಕಾರ್ಜುನ ಇಬ್ಬರೂ ಸೇರಿ ಬ್ಯಾಂಡ್ ಕಟ್ಟುವುದು ಅಂತ ಮಾತಾಗಿತ್ತಂತೆ. ಮಲ್ಲಿಕಾರ್ಜುನರ ಮನೆಯವರು ಬಿಡಲಿಲ್ಲ. ಪಲ್ಟನ್ನಿನಲ್ಲಿ ಊದಿದರೆ ಮರ್ಯಾದೆ. ಕಂಡವರ ಮದುವೆಯಲ್ಲಿ ಊದಿದರೆ ತೋಟದ ಮನೆತನಕ್ಕೆ ಅವಮಾನ. ಬರುತ್ತೇನೆ ಅಂದವರು ಬರಲಿಲ್ಲ. ಬರುವುದಿಲ್ಲ ಅಂತಲೂ ಹೇಳಲಿಲ್ಲ.

"ಪ್ರತಿ ಆಗಸ್ಟ್ ಹದಿನೈದಕ್ಕೂ ಮೂಡಿಗೆರೆಗೆ ಹೋಗಿ ದೂರ ನಿಂತು ನೋಡೋರು. ಒಂದ್ಸಲ ಬಂದು, 'ನನ್ನ ಸಾಯಿಸಿಬಿಟ್ಟಿದಾರೆ ಕಣೇ, ಸಾಹೇಬ್ರು ಸೆಲ್ಯೂಟ್ ಹೊಡೆದ್ರು' ಅಂತ ನಕ್ಕಿದ್ದೇ ನಕ್ಕಿದ್ದು. ಆಮೇಲೆ, 'ಮುಸ್ತಫಾ ಇನ್ನೂ ಜಾಗ ಬಿಟ್ಟಿದಾನೆ' ಅಂದ್ರು. ಆವತ್ತು ಊಟ ಸೇರ್ಲಿಲ್ಲ."

ಹತ್ತಿರ ಹೋಗಿ ಒಂದು ಮಾತಾಡಿದ್ದರೆ ಗಂಟು ಹೋಗುತ್ತಿತ್ತಾ? ಇಬ್ಬರು ಮುದುಕರ ಮೇಲೂ ವಿಪರೀತ ಸಿಟ್ಟು ಬಂತು. ವಾಪಸ್ ಬರುವಾಗ ಬಸ್ಸಿನಲ್ಲಿ ಅಳುವೂ ಬಂತು.

ಆಗಸ್ಟ್ 10

ಅಮ್ಮಿಯನ್ನು ಕೇಳಿದೆ.

"ನಿನ್ನ ದಾದಾ ಅವ್ನು ಸತ್ತ ಅಂತ ಯಾವತ್ತೂ ಹೇಳ್ಲಿಲ್ಲ. ಬರ್ತಾನೆ, ಬಂದ್ರೆ ನಿಲ್ಲೋಕೆ ಜಾಗ ಬೇಕಲ್ಲ ಅಂತಿದ್ರು. ಸಾಯಿಸಿದ್ದು ಊರೋರು."

"ಇಷ್ಟು ವರ್ಷ ಯಾಕೆ ಸುಮ್ನಿದ್ರಿ?"

"ನನ್ನ ಯಾರು ಕೇಳಿದ್ರು?"

ಸರಿಹೋಯಿತು.

ಆಗಸ್ಟ್ 13, ಗುರುವಾರ

ಕಲ್ಲೇಶನಿಗೆ ಹೇಳಿದೆ. ಕೂತಲ್ಲಿಂದ ಎದ್ದೇಬಿಟ್ಟ.

"ಕಲ್ಲು ಕೆತ್ತಿ ಆಗಿದೆ ಮಾರಾಯ! ಸತ್ತಿರೋದಂತೂ ನಿಜ ತಾನೆ? ಎಲ್ಲಿ ಸತ್ರೇನು?"

ಬಾಯಿ ಬಿಟ್ಟರೆ ಮುಂದಿನ ವರ್ಷದಿಂದ ಡಿಜೆ ಅಂತ ಖಡಾಖಂಡಿತ ಹೇಳಿ ಹೋದ. ಹೆಂಡತಿ ರುಬೀನಾಳದು ಒಂದೇ ಮಾತು — "ಸುಳ್ಳು ಹೇಳಿ ಬ್ಯಾಂಡ್ ಉಳಿಸ್ಕೊಳ್ಳಿ, ಇಲ್ಲ ನಿಜ ಹೇಳಿ ಕಳ್ಕೊಳ್ಳಿ. ನನ್ನ ಮೇಲೆ ಮಾತ್ರ ರೇಗ್ಬೇಡಿ."

ವಿಮಲಮ್ಮ ಫೋನ್ ಮಾಡಿದ್ದರು. ನಾಡಿದ್ದು ಬರುತ್ತಾರಂತೆ. ಇದೊಂದು ಬಾಕಿ ಇತ್ತು.

ಆಗಸ್ಟ್ 15, ಸಂಜೆ

ಹೇಳಿಬಿಟ್ಟೆ. ಮೈಕ್ ಹಿಡಿದವನಿಗೆ ಎದುರಿಗೆ ಕೂತ ವಿಮಲಮ್ಮ ಕಂಡರು. ಸುಳ್ಳು ಬಾಯಿಗೇ ಬರಲಿಲ್ಲ. ಇದು ಸತ್ತವರ ಜಾಗ ಅಲ್ಲ, ಬರುತ್ತೇನೆ ಅಂದವರಿಗಾಗಿ ನನ್ನ ದಾದಾ ಕಾದಿಟ್ಟ ಜಾಗ ಅಂದೆ. ಒಂದು ಚಪ್ಪಾಳೆ ಇಲ್ಲ. ಕಲ್ಲೇಶ್ ತಲೆ ಮೇಲೆ ಕೈ ಹೊತ್ತ. ಕಲ್ಲಿನ ಮೇಲಿನ ಬಟ್ಟೆ ಯಾರೂ ತೆಗೆಯಲಿಲ್ಲ.

ಆಗ ವಿಮಲಮ್ಮ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಟ್ಟಗೆ ಬಂದು ಎರಡನೇ ಸಾಲಿನಲ್ಲಿ ನಿಂತರು.

"ನಮ್ಮಪ್ಪನ ಜಾಗ ಇದೇ ಅಲ್ವಾ? ಹೊರಡ್ಸಪ್ಪ."

ಹೊರಡಿಸಿದೆ. ಇನ್ನೇನು ಮಾಡಲಿ? ಮೊದಲ ಹೆಜ್ಜೆಯೇ ಬಲಗಾಲು! "ಎಡಗಾಲು ಅಮ್ಮ, ಎಡಗಾಲು" ಅಂತ ಕಿರುಚಿದೆ. ಯಾರಿಗೆ ಕೇಳಬೇಕು? ಅವರನ್ನು ನೋಡಿ ರಂಗನಾಥನೂ ತಪ್ಪಿದ, ಹಿಂದಿನವರೂ ತಪ್ಪಿದರು. ಇಷ್ಟು ಕೆಟ್ಟದಾಗಿ ನಮ್ಮ ಬ್ಯಾಂಡ್ ಯಾವತ್ತೂ ನಡೆದಿಲ್ಲ. ದಾದಾ ಇದ್ದಿದ್ದರೆ ಬೆತ್ತ ಎತ್ತುತ್ತಿದ್ದರು. ಇಲ್ಲ, ಇವತ್ತು ಎತ್ತುತ್ತಿರಲಿಲ್ಲ.

ಮುಂದಿನ ವರ್ಷ ಡಿಜೆ. ಕಲ್ಲೇಶ್ ಅಲ್ಲೇ ಹೇಳಿದ.

ಬಸ್ ಹತ್ತುವಾಗ ವಿಮಲಮ್ಮ ಕೇಳಿದರು, "ಬರೋ ವರ್ಷಾನೂ ಜಾಗ ಬಿಟ್ಟಿರ್ತೀಯ ತಾನೆ?"

ಬಿಟ್ಟಿರ್ತೀನಿ ಅಂದೆ. ಬ್ಯಾಂಡೇ ಇರುತ್ತದೋ ಇಲ್ಲವೋ. ಜಾಗ ಮಾತ್ರ —