ಗೋದಾವರಿಯ ಭಾನುವಾರಗಳು

ಸಾಲಿಗ್ರಾಮ
೨೦ ಫೆಬ್ರವರಿ ೨೦೨೫, ಗುರುವಾರ

ಚಿರಂಜೀವಿ ತಮ್ಮ ಶಾಮರಾಯನಿಗೆ ಅಕ್ಕ ಕಮಲಾಕ್ಷಿಯ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ಮುಂಬಯಿಯಲ್ಲಿ ನೀನೂ ನೀನು ಪೂಜಿಸುವ ದೇವರೂ ಕ್ಷೇಮವೆಂದು ನಂಬಿದ್ದೇನೆ. ಸಂಕ್ರಾಂತಿಗೇ ಬರೆಯಬೇಕಿತ್ತು, ತಡವಾಯಿತು. ಮೊದಲು ಮೊಣಕಾಲು ಬಾತು ಕುಳಿತೆ, ಆಮೇಲೆ ಬರೆಯುವುದೋ ಬೇಡವೋ ಎಂದು ಕುಳಿತೆ. ಈ ಕಾಲದಲ್ಲಿ ಕಾಗದ ಯಾಕೆ, ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ಮನೆಯಲ್ಲಿರುವುದು ಒಂದೇ ಫೋನು. ಯಾರ ವಿಷಯ ಹೇಳಬೇಕೋ ಅವಳ ಕೈಯಲ್ಲೇ ಅದು ಇರುತ್ತದೆ.

ನಿನ್ನ ಹೆಂಡತಿಯ ನಡೆ ನನಗೆ ಸರಿ ಕಾಣುತ್ತಿಲ್ಲ. ನಾದಿನಿಯ ಮೇಲೆ ಚಾಡಿ ಹೇಳುವ ಬುದ್ಧಿ ನನ್ನದಲ್ಲ, ಇಷ್ಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ಉಂಡಿದ್ದೇವೆ. ಆದರೆ ದೀಪಾವಳಿ ಕಳೆದ ಮೇಲೆ ಭಾನುವಾರ ಬಂತೆಂದರೆ ಗೋದಾವರಿ ಬೆಳಕು ಹರಿಯುವ ಮೊದಲೇ ಸ್ನಾನ ಮುಗಿಸಿ ಬಸ್ಸು ಹತ್ತುತ್ತಾಳೆ. ಕೇಳಿದರೆ "ಬೈಂದೂರಂಗೆ ಭಜನೆ ಇತ್ತ್ ಅತ್ತಿಗೆ" ಎನ್ನುತ್ತಾಳೆ. ಬರುವಾಗ ಸಂಜೆ. ತಲೆಕೂದಲು ಒದ್ದೆ. ಭಜನೆ ಮಾಡಿದರೆ ಕೂದಲು ಯಾಕಪ್ಪ ಒದ್ದೆಯಾಗುತ್ತದೆ? ಹೊಸತಾಗಿ ಕಲಿತ ಒಂದು ಭಜನೆ ಹೇಳು ನೋಡುವ ಎಂದೆ. ನಮ್ಮ ಅಮ್ಮ ತೊಟ್ಟಿಲು ತೂಗುವಾಗ ಹೇಳುತ್ತಿದ್ದುದನ್ನೇ ಹಾಡಿದಳು, ಅದೂ ಅರ್ಧ.

ಇನ್ನೂ ಕೇಳು. ಬಂದ ದಿನ ಮುಖದ ಮೇಲೆ ಹಣೆಯಿಂದ ಮೂಗಿನ ಕೆಳಗಿನವರೆಗೆ ಕೆಂಪು ಗೆರೆ ಬಿದ್ದಿರುತ್ತದೆ, ಯಾರೋ ಬಟ್ಟಲು ಕವುಚಿ ಒತ್ತಿದ ಹಾಗೆ. ಕೈಚೀಲದಲ್ಲಿ ಮೀನಿನ ವಾಸನೆ. ಹೌದು ಶಾಮ, ಮೀನಿನ ವಾಸನೆ! ನನಗೆ ಊಟ ಸೇರಲಿಲ್ಲ. ಮರುದಿನ ಬೇಕೆಂದೇ ಅವಳಿಗೆ ಇಷ್ಟವಾದ ಒಂದೆಲಗದ ತಂಬುಳಿ ಮಾಡಿ ಬಡಿಸಿದೆ, ಬೇರೆ ರುಚಿ ಹತ್ತಿದವಳು ಇದನ್ನು ಮುಟ್ಟಲಿಕ್ಕಿಲ್ಲ ಎಂದು. ಎರಡು ಸಲ ಹಾಕಿಸಿಕೊಂಡಳು. ಇದರಿಂದ ನನ್ನ ಅನುಮಾನ ಕಡಿಮೆಯಾಗಲಿಲ್ಲ. ಕಳ್ಳರಿಗೆ ಹಸಿವು ಜಾಸ್ತಿ.

ವಾಸನೆಯ ಮೂಲ ತಿಳಿಯಿತು. ಪಡುಕರೆಯಿಂದ ಮೀನು ಮಾರಲು ಬರುವ ವನಜ ನಿನಗೆ ಗೊತ್ತಲ್ಲ, ಮಾರಿ ಮುಗಿಸಿ ನಮ್ಮ ಅಂಗಳದ ಅಂಚಿನಲ್ಲಿ ನಿಂತು ನೀರು ಕೇಳುವವಳು? ನೀರು ಕುಡಿಯಲು ಈಗ ಅವಳಿಗೆ ಅರ್ಧ ಗಂಟೆ ಬೇಕು. ಮೊನ್ನೆ ನಾನು ಕಿಟಕಿಯ ಹಿಂದೆ ನಿಂತಿದ್ದೆ. "ಮೂಗ್ ಗಟ್ಟಿ ಹಿಡ್ಕಣಿ ಅಮ್ಮಾ, ಹಿಡ್ಕಂಡ್ ಕೆಮಿಯಂಗೆ ಗಾಳಿ ಊದಿ. ಟಪ್ ಅಂತ್ ಬಿಡತ್ತ್" ಎಂದು ವನಜ ಹೇಳುತ್ತಿದ್ದಳು. ಗೋದಾವರಿ ಮೂಗು ಹಿಡಿದು, ಕಿವಿಗೆ ಗಾಳಿ ಹೋಗಲೆಂದು ಕೆನ್ನೆ ಉಬ್ಬಿಸಿ ನಿಂತಿದ್ದಾಳೆ, ಮಕ್ಕಳ ಹಾಗೆ! ನಿನ್ನೆ ಬಚ್ಚಲಲ್ಲಿ ಹಂಡೆಯ ನೀರಿಗೆ ಮುಖ ಅದ್ದಿ ಕುಳಿತಿದ್ದಳು. ನಾನು ಕೂಗಿದ ಮೇಲೆಯೇ ಎತ್ತಿದ್ದು. ದೇವರ ಕೋಣೆಯಲ್ಲಿ ಒಬ್ಬಳೇ ಕುಳಿತು ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ಉಂಗುರ ಮಾಡುತ್ತಾಳೆ, ಹೆಬ್ಬೆರಳು ಮೇಲೆ ತೋರಿಸುತ್ತಾಳೆ, ಕೆಳಗೆ ತೋರಿಸುತ್ತಾಳೆ. ಇದು ನಮ್ಮ ಸಂಧ್ಯಾವಂದನೆಯ ಮುದ್ರೆಯಂತೂ ಅಲ್ಲ. ಮಾಟವೋ, ಮರುಳೋ, ಮತ್ತೇನೋ.

ಇದಕ್ಕೆಲ್ಲ ನಾನು ಹೆದರುವವಳಲ್ಲ. ಹೆದರಿಕೆ ಇರುವುದು ಒಂದಕ್ಕೇ. ವನಜನ ಮಗ ರತನ್ ಮುರುಡೇಶ್ವರದಲ್ಲಿ ಬೋಟು ಓಡಿಸುತ್ತಾನಂತೆ. ನಿನ್ನ ಮಗ ಶ್ರೀರಾಮ ಇರುವುದೂ ಅಲ್ಲೇ. ನೀನು ದೇವರ ದೀಪ ಮುಟ್ಟಿ ಹಾಕಿದ ಆಣೆ ನನಗೆ ಅಕ್ಷರ ಅಕ್ಷರ ನೆನಪಿದೆ: "ಈ ಮನೆಯವರು ಯಾರೇ ಅವನ ಹತ್ತಿರ ಮಾತಾಡಿದರೂ, ಬಾಯಲ್ಲಿ, ಫೋನಿನಲ್ಲಿ, ಕಾಗದದಲ್ಲಿ, ಇನ್ನೊಬ್ಬರ ಮುಖಾಂತರ, ಆವತ್ತೇ ನನ್ನ ಹೆಣ ಕಂಡ ಹಾಗೆ." ಗೋದಾವರಿ ತಾಯಿ. ತಾಯಿಯ ಬಾಯಿಗೆ ಬೀಗ ಎಷ್ಟು ದಿನ ನಿಂತೀತು? ಅವಳೇನಾದರೂ ಅವನ ಹತ್ತಿರ ಮಾತಾಡುತ್ತಿದ್ದರೆ ಕುತ್ತು ಬರುವುದು ನಿನ್ನ ಜೀವಕ್ಕೆ. ನನಗಿರುವುದು ಒಬ್ಬನೇ ತಮ್ಮ.

ಏನು ಮಾಡಲಿ, ಬೇಗ ತಿಳಿಸು. ಶಿವರಾತ್ರಿಯ ಉಪವಾಸ ಅತಿ ಮಾಡಬೇಡ, ನಿನ್ನ ಪಿತ್ತ ನನಗೆ ಗೊತ್ತು.

ಇಂತಿ ನಿನ್ನ ಅಕ್ಕ,
ಕಮಲಾಕ್ಷಿ

—

ಸಾಲಿಗ್ರಾಮ
೧೦ ಮಾರ್ಚ್ ೨೦೨೫, ಸೋಮವಾರ

ಚಿರಂಜೀವಿ ಶಾಮನಿಗೆ ಅಕ್ಕನ ಆಶೀರ್ವಾದಗಳು.

ನನ್ನ ಕಾಗದ ತಲುಪಿದ ದಿನ ನೀನು ಫೋನು ಮಾಡಿ, ನನಗೆ ಕೊಡಲು ಹೇಳಿ, "ಹಿಂದೆ ಹೋಗಿ ಕಾಣ್ ಅಕ್ಕ" ಎಂದಷ್ಟೇ ಹೇಳಿ ಇಟ್ಟೆ. ಗೋದಾವರಿ ಪಕ್ಕದಲ್ಲೇ ಬೀನ್ಸ್ ಹೆಚ್ಚುತ್ತಿದ್ದಳು. ನಾನು "ಹ್ಞಾಂ, ಹ್ಞಾಂ, ಮೊಣಕಾಲು ಪರವಾಗಿಲ್ಲ" ಎಂದೆ. ನಾಟಕ ನನಗೂ ಬರುತ್ತದೆ.

ನಿನ್ನೆ ಹೋದೆ. ಪಕ್ಕದ ಮನೆಯ ಅನ್ವಿತಾಳನ್ನು ಜೊತೆಗೆ ಕರೆದುಕೊಂಡೆ. ಕಾಲೇಜು ಹುಡುಗಿ, ಬಸ್ಸಿನ ಮೆಟ್ಟಿಲು ಹತ್ತಿಸಲು ಒಂದು ತೋಳು ಬೇಕಿತ್ತು. ಗೋದಾವರಿ ಹೋದ ಮೇಲಿನ ಬಸ್ಸು ಹಿಡಿದೆವು. ಬೈಂದೂರಿನಲ್ಲಿ ಇಳಿದು ಭಜನೆ ಎಲ್ಲಿ ಎಂದು ಕೇಳಿದರೆ ಹೂವಿನ ಅಂಗಡಿಯವನು ನಗಾಡಿದ. "ಭಾನುವಾರ ಭಜ್ನಿಯಾ? ಇಲ್ಲ್ ಎಂತದೂ ಇಲ್ಲೆ ಅಮ್ಮಾ." ನಾನು ಅಂದುಕೊಂಡದ್ದೇ ಸರಿ. ಭಟ್ಕಳದ ಬಸ್ಸು ಹತ್ತಿ, ಅಲ್ಲಿ ಇನ್ನೊಂದು ಬಸ್ಸು ಹಿಡಿದು ಮುರುಡೇಶ್ವರಕ್ಕೆ ಹೋದೆವು.

ಬೋಟು ನಿಲ್ಲುವಲ್ಲಿ ವನಜ ಕುಳಿತಿದ್ದಳು, ತಲೆಗೆ ಟವೆಲು, ಪಕ್ಕದಲ್ಲಿ ಗೋದಾವರಿಯ ಚಪ್ಪಲಿ. ನನ್ನನ್ನು ಕಂಡು ಎದ್ದು ನಿಂತಳು. "ಹ್ವಾಯ್ ಅಮ್ಮಾ! ನೀವ್ ಎಂತಕ್ ಬಂದದ್ದ್ ಮರಾಯ್ರೆ, ಈ ಕಾಲ್ ಹಿಡ್ಕಂಡ್?"

"ನನ್ನ ನಾದಿನಿ ಎಲ್ಲಿ?" ಎಂದೆ.

ವನಜ ಕಡಲಿನ ಕಡೆ ಕೈ ಮಾಡಿದಳು. ನನಗೆ ಜೀವವೇ ಹಾರಿತು. ಅವಳಿಗೂ ಗೊತ್ತಾಗಿರಬೇಕು, "ಅಯ್ಯೋ, ಹಂಗಲ್ಲ! ನೇತ್ರಾಣಿ ದ್ವೀಪಕ್ಕ್ ಹೋಯಿರ್. ಗಾಳಿ ಸಿಲಿಂಡ್ರ್ ಕಟ್ಕಂಡ್ ನೀರಡಿಗ್ ಇಳಿತ್ರ್. ಮಧ್ಯಾಹ್ನಕ್ಕೆ ಬತ್ರ್" ಎಂದು ನನ್ನ ಕೈ ಹಿಡಿದು ಕೂರಿಸಿದಳು.

ಬೋಟು ಬರುವವರೆಗೆ ಅವಳು ಹೇಳಿದ್ದನ್ನು ನಿನಗೆ ಬರೆಯುತ್ತೇನೆ. ಕಳೆದ ಮಳೆಗಾಲದ ಕೊನೆಯಲ್ಲಿ ವನಜ ನೀರು ಕುಡಿಯುತ್ತ ಗೋದಾವರಿಯ ಹತ್ತಿರ ಸುಮ್ಮನೆ ಮಾತಿಗೆ ಹೇಳಿದಳಂತೆ, ನಿಮ್ಮ ಮಗ ಪೇಟೆಯವರನ್ನೆಲ್ಲ ಕಡಲಿನ ಅಡಿಗೆ ಕರೆದುಕೊಂಡು ಹೋಗುತ್ತಾನೆ, ಅಲ್ಲಿ ಬಾಯಿಗೆ ಪೈಪು ಕಚ್ಚಿರಬೇಕು, ಯಾರಿಗೂ ಮಾತಿಲ್ಲ, ಬೇಕಾದ್ದು ಬೇಡಾದ್ದು ಎಲ್ಲ ಕೈಯಲ್ಲೇ ಎಂದು. ಗೋದಾವರಿ ಚೊಂಬು ಹಿಡಿದವಳು ಹಾಗೇ ನಿಂತಳಂತೆ. "ಮಾತೇ ಇಲ್ಯಾ ವನಜ?" ಎಂದು ಕೇಳಿದಳಂತೆ. ಮರುದಿನ ಮತ್ತೆ ಅದನ್ನೇ ಕೇಳಿದಳಂತೆ. ಅದರ ಮರುದಿನ, "ಅದನ್ನ್ ನಂಗೆ ಕಲ್ಸ್‌ತ್ರಾ?" ಎಂದಳಂತೆ.

ಪೇಟೆಯವರು ಬಣ್ಣದ ಮೀನು ನೋಡಲು, ಫೋಟೋ ತೆಗೆಸಿಕೊಳ್ಳಲು ಇದನ್ನು ಕಲಿಯುತ್ತಾರಂತೆ. ನಿನ್ನ ಹೆಂಡತಿಗೆ ಈ ಹುಚ್ಚು ಹತ್ತಿದ್ದು ಹೀಗೆ. ಕೆರಾಡಿಯ ಹೊಳೆಯಲ್ಲಿ ಈಜಿ ಬೆಳೆದವಳು, ನೀರಿನ ಹೆದರಿಕೆ ಮೊದಲೇ ಇಲ್ಲ. ಈಜುಕೊಳದಲ್ಲಿ ಬೇರೆ ಒಬ್ಬ ಮಾಸ್ತರ ಕಲಿಸಿದ. ಆಮೇಲೆ ಕಡಲಿಗೆ ಇಳಿಸಿದವನು ಶ್ರೀರಾಮ. ಶ್ರೀರಾಮನಿಗೆ ಈ ಹುಚ್ಚು ಹಿಡಿಸಿದ್ದು ಯಾರು ಎಂದು ಕೇಳಿದರೆ ನೀನು ಕೋಪಿಸಿಕೊಳ್ಳುತ್ತೀಯ. ದೇವಸ್ಥಾನದ ಕೆರೆಗೆ ಅಭಿಷೇಕದ ತಂಬಿಗೆ ಬಿದ್ದಾಗ ಮುಳುಗಿ ತಂದ ಮಗುವಿನ ಬೆನ್ನು ತಟ್ಟಿ, ಬೇಕೆಂದೇ ಇನ್ನೊಂದು ತಂಬಿಗೆ ಎಸೆದು "ಅದನ್ನೂ ತಾ ಕಾಂಬ" ಎಂದವನು ನೀನೇ.

ಬೋಟು ಬಂತು. ಕಪ್ಪು ರಬ್ಬರಿನ ಬಟ್ಟೆ ಮೈಗೆ ಅಂಟಿಸಿಕೊಂಡು ಒಬ್ಬಳು ಇಳಿದಳು. ನಮ್ಮ ಗೋದಾವರಿ ಎಂದು ಗೊತ್ತಾದದ್ದು ಹಣೆಯ ಮೇಲೆ ಕರಗಿದ ಕುಂಕುಮದಿಂದ. ಹಿಂದೆ ಶ್ರೀರಾಮ, ಅವಳ ಮೊಣಕೈ ಹಿಡಿದುಕೊಂಡು. ಅವಳು ಬಾಯಿಗೆ ಟವೆಲು ಒತ್ತಿ ಹಿಡಿದಿದ್ದಳು. ಅವನು ಅಲ್ಲೇ ಕೈ ಬಿಟ್ಟ.

ನನ್ನನ್ನು ಕಂಡದ್ದೇ ಅವಳು ಓಡಿ ಬಂದು ಕಾಲು ಹಿಡಿದಳು. "ಅತ್ತಿಗೆ, ನಾನ್ ಒಂದ್ ಮಾತೂ ಆಡ್ಲಿಲ್ಲೆ. ದೇವ್ರಾಣೆ. ಅವ್ರ್ ಜೀವದ್ ಮೇಲ್ ಆಡುದುಂಟಾ? ದಡದಂಗೆ ಅಂವನ್ನ್ ಕಂಡ್ರೆ ಬಾಯಿ ತಡೀತಿಲ್ಲೆ, ಮಗಾ ಅಂಬುದ್ ಗಂಟ್ಲಿಗೇ ಬತ್ತ್. ಕೆಳಗಾರೆ ಬಾಯಂಗೆ ಪೈಪ್ ಇರತ್ತ್ ಅಲ್ದಾ. ಹೆದ್ರಿಕೆ ಇಲ್ಲೆ."

ನೀರಿನ ಅಡಿಯಲ್ಲಿ ಬರೆಯುವ ಪಾಟಿಯೊಂದು ಇರುತ್ತದಂತೆ. ಬರೆದದ್ದೂ ಕಾಗದಕ್ಕೆ ಸಮ, ಆಣೆಗೆ ಸೇರುತ್ತದೆ ಎಂದು ಅದನ್ನೂ ಮುಟ್ಟಲಿಲ್ಲ. ಅವನು ಬೆರಳಿನ ಉಂಗುರ ಮಾಡಿ ಸರಿಯಾ ಎಂದು ಕೇಳುತ್ತಾನೆ, ಇವಳು ಉಂಗುರ ಮಾಡಿ ಸರಿ ಎನ್ನುತ್ತಾಳೆ. ಅಲ್ಲಿರುವಷ್ಟು ಹೊತ್ತು ಅವಳ ಕೈ ಬಿಡುವುದಿಲ್ಲವಂತೆ. ಒಮ್ಮೆ ಅವನ ಕುತ್ತಿಗೆಯ ಪಟ್ಟಿ ಸರಿದಾಗ ಒಳಗೆ ಜನಿವಾರ ಕಂಡಿತಂತೆ. ಹೇಳುವಾಗ ಅತ್ತಳು. ನೀನು ಓದುವಾಗಲೂ ಈ ಸಾಲು ಬಿಟ್ಟು ಮುಂದೆ ಹೋಗಬೇಡ.

ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ ಶಾಮ, ಮುಚ್ಚಿಡುವುದಿಲ್ಲ. ನಮ್ಮ ಪಾಳಿಯ ಪೂಜೆಯ ದಿನ ನೀನು ಜ್ವರದಲ್ಲಿದ್ದೆ, ಬರುತ್ತೇನೆಂದ ಮಗ ಕಡಲಲ್ಲಿ ಉಳಿದ, ಗರ್ಭಗುಡಿಯ ದೀಪ ಆರಿತು. ತಪ್ಪು ಹೌದು. ಊರವರ ಎದುರು ನಿನ್ನ ತಲೆ ತಗ್ಗಿತು, ಅದೂ ಹೌದು. ಆದರೆ ದೀಪವನ್ನು ಮರುದಿನವೇ ಹಚ್ಚಿದರಲ್ಲ? ಮಳೆ ಹಿಡಿಯಿತೆಂದರೆ ಬೋಟು ಮೇಲೇರುತ್ತದೆ, ಕಡಲು ಮುಚ್ಚುತ್ತದೆ. ಅಲ್ಲಿಂದ ಆಚೆ ನವರಾತ್ರಿಯವರೆಗೆ ಗೋದಾವರಿ ಮಗನ ಕೈ ಎಲ್ಲಿ ಹಿಡಿಯಬೇಕು? ಅವಳಿಗೂ ಐವತ್ತು ದಾಟಿತು, ಇದು ಎಷ್ಟು ವರ್ಷ ನಡೆದೀತು?

ಆಣೆ ಹಾಕಿದವನೇ ಬಂದು, ದೇವರ ಮುಂದೆ ತಪ್ಪು ಕಾಣಿಕೆ ಇಟ್ಟು ಅದನ್ನು ಬಿಡಿಸಬೇಕು. ಬೇರೆಯವರ ಕೈಯಲ್ಲಿ ಆಗುವುದಿದ್ದರೆ ನಾನು ಯಾವತ್ತೋ ಮಾಡಿ ಮುಗಿಸುತ್ತಿದ್ದೆ. ಯುಗಾದಿಗೆ ಬಾ. ಬರುವಾಗ ಸಿಹಿ ತರದಿದ್ದರೂ ಪರವಾಗಿಲ್ಲ.

ನಿನಗೆ ಆಯುರಾರೋಗ್ಯ ಕೊಡಲಿ, ಸ್ವಲ್ಪ ಬುದ್ಧಿಯನ್ನೂ ಕೊಡಲಿ ಎಂದು ದೇವರಲ್ಲಿ ಬೇಡುವ

ನಿನ್ನ ಅಕ್ಕ,
ಕಮಲಾಕ್ಷಿ

ತಾ.ಕ.: ಇದನ್ನು ಬರೆಯಬಾರದೆಂದೇ ಮೇಲೆ ಸಹಿ ಹಾಕಿದೆ. ಗೋದಾವರಿ ಸೀರೆ ಉಡಲು ಹೋದಾಗ ಶ್ರೀರಾಮ ಹತ್ತಿರ ಬಂದು ನಮಸ್ಕಾರ ಮಾಡಿದ. "ಅತ್ತೆ, ಕಾಲ್ ಬಾವು ಇಳ್ದಿತಾ?" ಎಂದ. ನಾನು ಬಾಯಿ ಬಿಡಲಿಲ್ಲ. "ಸಿಟ್ಟಾ ಅತ್ತೆ?" ಎಂದು ಇನ್ನೊಮ್ಮೆ ಕೇಳಿದ. ತಾಯಿಗೆ ಹಾಲಿಲ್ಲದಾಗ ಒಳಲೆಯಲ್ಲಿ ಹಾಲು ಹಾಕಿ ಸಾಕಿದವಳು ನಾನು. ಸುಖವಾಗಿರು ಎನ್ನುವುದೂ ಮಾತೇ ಎಂದು ನುಂಗಿಕೊಂಡೆ. ಬೋಟಿನಲ್ಲಿ ಬಂದಿದ್ದ ಆ ಈಜುಕೊಳದ ಮಾಸ್ತರನ ಹತ್ತಿರ ಅನ್ವಿತಾ ಮೆಲ್ಲಗೆ, ನಾನೂ ನೀರಿಗೆ ಇಳಿಯಬಹುದೇ ಎಂದು ನನಗಾಗಿ ವಿಚಾರಿಸಿದಳು. ಚಿಕ್ಕಂದಿನಲ್ಲಿ ಸೋರಿ ತೂತಾದ ನನ್ನ ಎಡಗಿವಿಯ ಸುದ್ದಿ ಕೇಳಿ ಅವನು ತಲೆಯಾಡಿಸಿಬಿಟ್ಟ, ಅಂಥವರನ್ನು ನೀರಿಗೆ ಇಳಿಸುವುದಿಲ್ಲವಂತೆ. ಗೋದಾವರಿಗೆ ಕಡಲಾದರೂ ಇದೆ, ಶಾಮ. ನಾನು ಎಲ್ಲಿಗೆ ಹೋಗಲಿ?